ನಾರು–ಗ್ರಾಫೀನ್ ವಿದ್ಯುದ್ವಾರಗಳು: ಕೋಲಾರ ಸೀಮೆಯ ಸಸ್ಯಮೂಲಗಳ ನೆಲೆಯಲ್ಲಿ

ಸಸ್ಯದ ನಾರಿನ ನಡುವೆ ಗ್ರಾಫೀನ್ ಎಂಬ ಅತಿ ತೆಳು ಇಂಗಾಲದ ಹಾಳೆಗಳನ್ನು ಹೆಣೆದು ಮಾಡಿದ, ಬಾಗಿಸಿದರೂ ಸುರುಳಿ ಸುತ್ತಿದರೂ ಕೆಲಸ ನಿಲ್ಲಿಸದ ತೆಳು ವಿದ್ಯುದ್ವಾರ. ಮುಖ್ಯವಾಗಿ ಸೂಪರ್‌ಕೆಪಾಸಿಟರ್ ಎಂಬ ವಿದ್ಯುತ್ ಸಂಗ್ರಾಹಕದಲ್ಲಿ ಇದರ ಬಳಕೆ. ಬ್ಯಾಟರಿಗಳಲ್ಲೂ ಪ್ರಯೋಗಗಳು ನಡೆದಿವೆ. ಮಾಮೂಲಿ ವಿದ್ಯುದ್ವಾರದಲ್ಲಿ ಇಂಗಾಲದ ಪುಡಿಯನ್ನು ಅಂಟಿನಲ್ಲಿ ಕಲಸಿ ಲೋಹದ ತಗಡಿನ ಮೇಲೆ ಬಳಿಯುತ್ತಾರೆ. ಅದನ್ನು ಮಡಿಸಿದರೆ ಲೇಪ ಬಿರುಕು ಬಿಟ್ಟು ಉದುರುತ್ತದೆ. ನಾರಿನ ಹಾಳೆಗೆ ಅಂಟೂ ಬೇಡ, ತಗಡೂ ಬೇಡ. ಹಾಳೆಯನ್ನು ಹಿಡಿದು ನಿಲ್ಲಿಸುವುದು, ಲವಣದ್ರವವನ್ನು ಒಳಗೆ ಬಿಟ್ಟುಕೊಳ್ಳುವುದು ಎರಡೂ ನಾರಿನ ಸೆಲ್ಯುಲೋಸ್ ಮಾಡುವ ಕೆಲಸ. ವಿದ್ಯುತ್ತನ್ನು ಹರಿಸುವುದು, ಹಿಡಿದಿಡುವುದು ಗ್ರಾಫೀನಿನ ಪಾಲು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಈ ವಿಷಯದ ಜೊತೆ ಇಟ್ಟು ನೋಡಲು ಕಾರಣವಿದೆ. ಇಲ್ಲಿನ ರೇಷ್ಮೆ, ಮಾವು, ನೀಲಗಿರಿ, ಟೊಮೆಟೊಗಳ ಬೆನ್ನಿಗೆ ಅಪಾರ ನಾರು ಬರುತ್ತದೆ. ಗ್ರಾಫೀನ್ ಸೂಪರ್‌ಕೆಪಾಸಿಟರ್ ಕುರಿತ ಜಗತ್ತಿನ ಮೊದಮೊದಲ ಪ್ರಬಂಧಗಳಲ್ಲಿ ಒಂದು ಹೊರಬಂದದ್ದು ಇಲ್ಲಿಂದ ನೂರು ಕಿಲೋಮೀಟರಿನೊಳಗಿರುವ ಬೆಂಗಳೂರಿನ ಜಕ್ಕೂರಿನಿಂದ. ಇನ್ನೂ ದೊಡ್ಡ ಕಾರಣ ನೀರು. ಸದಾ ಹರಿಯುವ ಹೊಳೆಯಿಲ್ಲದ, ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುವ ಈ ನೆಲದಲ್ಲಿ ಯಾವ ನಾರು ಒಳ್ಳೆಯದು ಎನ್ನುವುದನ್ನು ಪ್ರಯೋಗಾಲಯದ ಅಂಕಿಯೊಂದೇ ತೀರ್ಮಾನಿಸಲಾರದು. ಆ ನಾರು ಬೆಳೆಯಲು ಕುಡಿದ ನೀರಿನ ಲೆಕ್ಕವೂ ಅದರಲ್ಲಿ ಸೇರಬೇಕು.

ನಾಲ್ಕು ತಾಲ್ಲೂಕುಗಳ ನಾರು

ಮೊದಲು ಹೇಳಬೇಕಾದದ್ದು ಹಿಪ್ಪುನೇರಳೆ. ಹಿಂದೆ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ರೇಷ್ಮೆ ಹುಳುವಿಗೆ ಹಾಕುತ್ತಿದ್ದರು. ಈಗ ಬೆಳೆದ ಹುಳುವಿಗೆ ರೆಂಬೆ ಸಮೇತ ಕೊಯ್ದು ಹಾಸುತ್ತಾರೆ. ಹುಳು ಸೊಪ್ಪು ತಿಂದು ಗೂಡು ಕಟ್ಟುವ ಹೊತ್ತಿಗೆ ಹುಳು ಮನೆಯ ಸ್ಟ್ಯಾಂಡುಗಳಲ್ಲಿ ಬರಿ ಕಡ್ಡಿ ಉಳಿದಿರುತ್ತದೆ. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಮನೆಯಲ್ಲಿ ಐದಾರು ಸಲ ಈ ರಾಶಿ ಬೀಳುತ್ತದೆ. ಒಲೆಗೆ, ನೀರೊಲೆಗೆ, ತಿಪ್ಪೆಗೆ ಹೋಗುವುದು ಅದರ ಮಾಮೂಲಿ ಹಾದಿ. ಆ ಕಡ್ಡಿಯ ತೊಗಟೆಯನ್ನು ಹಸಿಯಿರುವಾಗ ಸೀಳಿದರೆ ಬುಡದಿಂದ ತುದಿಯವರೆಗೆ ಪಟ್ಟಿಯಾಗಿ ಎದ್ದು ಬರುತ್ತದೆ. ಅದು ಗಟ್ಟಿ ತೊಗಟೆನಾರು. ಇದೇ ಕುಟುಂಬದ ಕಾಗದನೇರಳೆಯ ತೊಗಟೆಯಿಂದ ಜಪಾನ್, ಕೊರಿಯಾಗಳಲ್ಲಿ ನೂರಾರು ವರ್ಷಗಳಿಂದ ಕೈಕಾಗದ ಮಾಡುತ್ತಿದ್ದಾರೆ. ಆ ಕಾಗದ ತೆಳುವಾಗಿದ್ದೂ ಹರಿಯದೆ ಇರುವುದು ಉದ್ದ ನಾರಿನಿಂದ. ಹಿಪ್ಪುನೇರಳೆ ಕೊಂಬೆಯ ತೊಗಟೆಯಿಂದ ನ್ಯಾನೋ ಗಾತ್ರದ ಸೆಲ್ಯುಲೋಸ್ ಎಳೆಗಳನ್ನು ಬಿಡಿಸಬಹುದೆಂದು ಚೀನಾದ ಸಂಶೋಧಕರು 2009ರಲ್ಲೇ ತೋರಿಸಿದ್ದಾರೆ.

ಎರಡನೆಯದು ನೀಲಗಿರಿ. ಇದರ ಕತೆ ಕೋಲಾರದವರಿಗೆ ವಿವರಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಬೇಕು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1970ರ ದಶಕದ ಕೊನೆಯಿಂದ ಜಿಲ್ಲೆಯ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಮರ ಕಾಗದ ಮತ್ತು ರೇಯಾನ್ ತಿರುಳಿನ ಗಿರಣಿಗಳ ದಾರಿ ಹಿಡಿಯಿತು. 1981ರಲ್ಲಿ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ ಮತ್ತು ಜಯಂತ ಬಂದ್ಯೋಪಾಧ್ಯಾಯ ಕೋಲಾರದ ಸಾಮಾಜಿಕ ಅರಣ್ಯದ ಪರಿಣಾಮಗಳ ಮೇಲೆ ಅಧ್ಯಯನ ಮಾಡಿ, ರಾಗಿಯ ನೆಲ, ಕೂಲಿ ಕೆಲಸ, ನೀರು ಮೂರಕ್ಕೂ ಪೆಟ್ಟು ಬಿದ್ದಿರುವುದನ್ನು ಬರೆದರು. ದೇಶದಲ್ಲಿ ನೀಲಗಿರಿ ಕುರಿತು ನಡೆದ ದೊಡ್ಡ ಚರ್ಚೆಗೆ ಆ ವರದಿ ಆಧಾರವಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ತಾಂತ್ರಿಕವಾಗಿ ನೋಡಿದರೆ ನೀಲಗಿರಿ ತಿರುಳು ನ್ಯಾನೋ ಸೆಲ್ಯುಲೋಸ್ ತಯಾರಿಕೆಗೆ ಜಗತ್ತಿನಲ್ಲೇ ಹೆಚ್ಚು ಪರಿಚಿತವಾದ ಕಚ್ಚಾವಸ್ತುಗಳಲ್ಲಿ ಒಂದು. ಎಳೆಗಳು ಗಿಡ್ಡ, ಸುಮಾರು ಒಂದು ಮಿಲಿಮೀಟರಿಗಿಂತ ಕಡಿಮೆ. ಆದರೆ ಒಂದೇ ಅಳತೆಯವು, ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಈಗಿರುವ ಮರಗಳನ್ನು ಕಡಿದು ಬುಡ ಕೀಳಿಸುವಾಗ ಸಿಗುವ ಮರವನ್ನು ಬಳಸಿಕೊಳ್ಳುವುದು ಬೇರೆ ಮಾತು. ವಿದ್ಯುದ್ವಾರಕ್ಕೆಂದು ಮತ್ತೆ ನೀಲಗಿರಿ ನೆಡುವ ಯೋಚನೆ ಮಾತ್ರ ಈ ಜಿಲ್ಲೆಯಲ್ಲಿ ಏಳಲೇಬಾರದು.

ಹೊಲದ ಬದುವಿನ ಕತ್ತಾಳೆ ಮೂರನೆಯದು. ಎಲೆಯನ್ನು ಕೊಳೆಹಾಕಿ ಜಜ್ಜಿ ತೆಗೆದ ನಾರಿನಿಂದ ಹಗ್ಗ ಹೊಸೆಯುವ ಕಸುಬು ಬಯಲುಸೀಮೆಯಲ್ಲಿ ಹಳೆಯದು. ಅದರಲ್ಲಿ ಸೆಲ್ಯುಲೋಸ್ ಪ್ರಮಾಣ ಶೇ. 65ರಿಂದ 70ರವರೆಗೆ ಇರುತ್ತದೆ. ಹೋಲಿಕೆಗೆ ಹೇಳುವುದಾದರೆ ಹತ್ತಿಯಲ್ಲಿ ಶೇ. 90ಕ್ಕೂ ಹೆಚ್ಚು, ತೆಂಗಿನ ನಾರಿನಲ್ಲಿ ಶೇ. 40ರ ಆಸುಪಾಸು. ತೆಂಗಿನ ನಾರಿನಲ್ಲಿ ಲಿಗ್ನಿನ್ ಅಷ್ಟೇ ಪ್ರಮಾಣದಲ್ಲಿ ತುಂಬಿರುವುದರಿಂದ ಅದನ್ನು ಬಿಡಿಸುವುದು ತ್ರಾಸಿನ ಕೆಲಸ. ಮಳೆ ಕೈಕೊಟ್ಟರೂ ಬದುಕುವ ಕತ್ತಾಳೆಗೆ ಈ ಸೀಮೆಯಲ್ಲಿ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು.

ಶ್ರೀನಿವಾಸಪುರದ ಮಾವಿನ ತೋಪುಗಳಿಂದ ಬರುವುದು ನಾರಿಗಿಂತ ಹೆಚ್ಚಾಗಿ ವಾಟೆ ಮತ್ತು ಸವರಿದ ಕೊಂಬೆ. ವಾಟೆಯ ಗಟ್ಟಿ ಚಿಪ್ಪು ಹಾಳೆಗೆ ಬಾರದು, ಸುಟ್ಟು ಇಂಗಾಲ ಮಾಡಲು ತಕ್ಕುದು. ಟೊಮೆಟೊ ಬೆಳೆಯುವ ಮುಳಬಾಗಿಲು, ಕೋಲಾರ ತಾಲ್ಲೂಕುಗಳಲ್ಲಿ ಕೊಯ್ಲು ಮುಗಿದ ಮೇಲೆ ಒಣಗುವ ಬಳ್ಳಿಯ ರಾಶಿ ದೊಡ್ಡದು, ಆದರೆ ನಾರು ದುರ್ಬಲ. ರಾಗಿ ಹುಲ್ಲನ್ನು ಈ ಪಟ್ಟಿಗೆ ಸೇರಿಸುವವರಿದ್ದಾರೆ, ಸೇರಿಸಬಾರದು. ಹಾಲಿನ ಮೇಲೆ ನಿಂತಿರುವ ಮನೆಗಳಲ್ಲಿ ರಾಗಿ ಹುಲ್ಲು ದನದ ಮೇವು, ಕಸವಲ್ಲ.

ವಿದ್ಯುತ್ ಕೂಡಿಡುವ ಬಗೆ

1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ತಂದ ವಿದ್ಯುತ್ತನ್ನು ಹುಟ್ಟಿದ ಗಳಿಗೆಯಲ್ಲೇ ಬಳಸಬೇಕಿತ್ತು. ಕೂಡಿಡುವುದು ಬೇರೆಯೇ ವಿದ್ಯೆ. ಬ್ಯಾಟರಿ ಅದನ್ನು ರಾಸಾಯನಿಕ ಕ್ರಿಯೆಯಿಂದ ಮಾಡುತ್ತದೆ. ಸೂಪರ್‌ಕೆಪಾಸಿಟರಿನಲ್ಲಿ ಕ್ರಿಯೆ ನಡೆಯುವುದಿಲ್ಲ: ಇಂಗಾಲದ ಮೇಲ್ಮೈಗೆ ವಿದ್ಯುತ್ ತುಂಬಿದಾಗ ಲವಣದ್ರವದಲ್ಲಿರುವ ವಿರುದ್ಧ ಆವೇಶದ ಅಯಾನುಗಳು ಅದರ ಹತ್ತಿರ ಬಂದು ಪದರವಾಗಿ ನಿಲ್ಲುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ಈ ಜೋಡಿಪದರವೇ ಸಂಗ್ರಹದ ಮೂಲ. ಏನೂ ಕರಗದೆ, ಏನೂ ಬೆಳೆಯದೆ ಇರುವುದರಿಂದ ಸೆಕೆಂಡುಗಳಲ್ಲಿ ತುಂಬಿ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ, ಲಕ್ಷಾಂತರ ಸಲ ಹಾಗೆ ಮಾಡಿದರೂ ಸವೆಯುವುದು ಅಲ್ಪ. ಕೊರತೆಯೂ ಇಲ್ಲೇ ಇದೆ. ಮಾರುಕಟ್ಟೆಯ ಸೂಪರ್‌ಕೆಪಾಸಿಟರ್ ಕಿಲೋಗ್ರಾಂಗೆ 5ರಿಂದ 10 ವಾಟ್-ಗಂಟೆ ಹಿಡಿದರೆ, ಲಿಥಿಯಂ-ಅಯಾನು ಬ್ಯಾಟರಿ 150ರಿಂದ 250ರಷ್ಟು ಹಿಡಿಯುತ್ತದೆ.

ಮೇಲ್ಮೈ ಹೆಚ್ಚಿದಷ್ಟೂ ಸಂಗ್ರಹ ಹೆಚ್ಚು. ಒಂದೇ ಪರಮಾಣುವಿನ ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನಿನ ಒಂದು ಗ್ರಾಂ ಬಿಚ್ಚಿ ಹಾಸಿದರೆ ಎರಡೂ ಬದಿ ಸೇರಿ ಸುಮಾರು 2,630 ಚದರ ಮೀಟರ್. ಆ ಲೆಕ್ಕದಲ್ಲಿ ಗ್ರಾಂಗೆ 550 ಫ್ಯಾರಡ್‌ವರೆಗೆ ಧಾರಕತೆ ಸಿಗಬೇಕು. ನಿಜದಲ್ಲಿ ಅದರ ಕಾಲು ಭಾಗ, ಹೆಚ್ಚೆಂದರೆ ಅರ್ಧ ಸಿಗುತ್ತದೆ. ಒದ್ದೆ ಬಾಳೆ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುವ ಹಾಗೆ ಗ್ರಾಫೀನ್ ಹಾಳೆಗಳು ಒಣಗುವಾಗ ಒಂದರ ಮೇಲೊಂದು ಕೂತು ಬಿಡುತ್ತವೆ, ನಡುವೆ ಅಯಾನು ನುಗ್ಗಲು ಸಂದು ಉಳಿಯುವುದಿಲ್ಲ.

ನಾರು ಬೇಕಾಗುವುದು ಇಲ್ಲಿ. ಗ್ರಾಫೀನ್ ಹಾಳೆಗಳ ನಡುವೆ ಸೆಲ್ಯುಲೋಸ್ ಎಳೆಗಳು ಅಡ್ಡ ಬಂದು ಅವನ್ನು ಬೇರೆ ಬೇರೆ ಇಡುತ್ತವೆ. ಎಳೆಯ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ಅದು ನೀರನ್ನು ಹೀರಿ ಒಳಕ್ಕೆ ಸಾಗಿಸುತ್ತದೆ. ಗಿಡ ಬದುಕಿದ್ದಾಗ ಮಾಡಿದ ಕೆಲಸವನ್ನೇ ವಿದ್ಯುದ್ವಾರದೊಳಗೂ ಮುಂದುವರಿಸುತ್ತದೆ. ಎಳೆಗಳು ಒಂದಕ್ಕೊಂದು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುತ್ತವೆ. ಈ ಬಂಧಗಳು ಬಾಗಿದಾಗ ಬಿಟ್ಟು ಮತ್ತೆ ಕೂಡುವಂಥವು, ಹಾಳೆ ಮುರಿಯದಿರುವುದು ಅದರಿಂದ. ಹಾಗಾಗಿ ನಾರನ್ನು ಅಗ್ಗದ ತುಂಬುವಸ್ತು ಎಂದು ಕರೆಯುವ ಬರಹಗಳು ವಿಷಯದ ತಿರುಳನ್ನೇ ಬಿಟ್ಟಿವೆ ಎನ್ನಬೇಕು. ಗ್ರಾಫೀನಿಗೆ ಅದರ ಮೇಲ್ಮೈಯನ್ನು ಉಳಿಸಿಕೊಡುವುದೇ ನಾರು.

ಬೆಳೆದು ಬಂದ ದಾರಿ

ರಂಧ್ರಮಯ ಇಂಗಾಲದಲ್ಲಿ ವಿದ್ಯುತ್ ಕೂಡಿಡುವ ಮೊದಲ ಪೇಟೆಂಟನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್.ಐ. ಬೆಕರ್ 1957ರಲ್ಲಿ ಪಡೆದ. ಗ್ರಾಫೀನನ್ನು ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಮ್ಯಾಂಚೆಸ್ಟರಿನಲ್ಲಿ 2004ರಲ್ಲಿ ಬೇರ್ಪಡಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು.

ಈ ಎರಡೂ ಎಳೆಗಳು ಬೆಂಗಳೂರಿನಲ್ಲಿ ಬೇಗನೆ ಕೂಡಿಕೊಂಡವು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರಾದ ವಿವೇಕ್‌ಚಂದ್, ರೌತ್, ಸುಬ್ರಹ್ಮಣ್ಯಂ, ಗೋವಿಂದರಾಜ್ ಗ್ರಾಫೀನ್ ವಿದ್ಯುದ್ವಾರಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಗಂಧಕಾಮ್ಲದ ದ್ರಾವಣದಲ್ಲಿ ಗ್ರಾಂಗೆ 117 ಫ್ಯಾರಡ್ ಸಿಕ್ಕಿತು. ಅಯಾನಿಕ ದ್ರವ ಬಳಸಿದಾಗ ಧಾರಕತೆ 75ಕ್ಕೆ ಇಳಿಯಿತು, ಆದರೆ ವೋಲ್ಟೇಜ್ ಒಂದರಿಂದ 3.5ಕ್ಕೆ ಏರಿದ್ದರಿಂದ ಶಕ್ತಿ ಕಿಲೋಗ್ರಾಂಗೆ 31.9 ವಾಟ್-ಗಂಟೆ ಮುಟ್ಟಿತು. ಅದೇ ವರ್ಷ ಅಮೆರಿಕದ ಟೆಕ್ಸಾಸಿನಲ್ಲಿ ರಾಡ್ನಿ ರೂಫ್ ಅವರ ತಂಡ ನೀರಿನ ದ್ರಾವಣದಲ್ಲಿ 135 ಫ್ಯಾರಡ್ ವರದಿ ಮಾಡಿತು. ಗ್ರಾಫೀನ್ ಸಂಗ್ರಾಹಕದ ಚರಿತ್ರೆಯನ್ನು ಬರೆಯುವಾಗ ಎರಡನೆಯದನ್ನು ಮಾತ್ರ ಉಲ್ಲೇಖಿಸುವ ರೂಢಿಯುಂಟು. ಜಕ್ಕೂರಿನ ಕೆಲಸಕ್ಕೂ ಅದರ ಪಕ್ಕದಲ್ಲೇ ಸ್ಥಾನ ಕೊಡುವುದು ನ್ಯಾಯ.

ಸೆಲ್ಯುಲೋಸ್ ಬಂದದ್ದು ಇನ್ನೊಂದು ಬಾಗಿಲಿನಿಂದ. 2007ರಲ್ಲಿ ಪುಲಿಕೆಲ್ ಅಜಯನ್ ಅವರಿದ್ದ ಅಮೆರಿಕದ ರೆನ್ಸಿಲೇರ್ ತಂಡ ಸೆಲ್ಯುಲೋಸಿನಲ್ಲಿ ಇಂಗಾಲದ ನ್ಯಾನೋ ನಳಿಕೆಗಳನ್ನು ಹುದುಗಿಸಿ ಕಾಗದದಂಥ ಸಂಗ್ರಾಹಕ ಮಾಡಿತು. 2009ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಚುಯ್ ಅವರ ತಂಡ ಸಾಧಾರಣ ಕಾಗದಕ್ಕೆ ನಳಿಕೆಗಳ ಶಾಯಿ ಬಳಿದು ವಿದ್ಯುದ್ವಾರ ಮಾಡಿದರೆ, ಸ್ವೀಡನ್ನಿನ ಉಪ್ಸಾಲದಲ್ಲಿ ಪಾಚಿಯ ಸೆಲ್ಯುಲೋಸಿಗೆ ವಿದ್ಯುತ್ ಹರಿಸುವ ಪಾಲಿಮರ್ ಹೊದಿಸಿದರು. ಗ್ರಾಫೀನ್ ಮತ್ತು ಸೆಲ್ಯುಲೋಸ್ ಕಾಗದ ನೇರವಾಗಿ ಕೂಡಿದ ಮುಖ್ಯ ಕೆಲಸ ಚೀನಾದ ಶೆನ್ಯಾಂಗಿನದು, 2011ರದು. ಗ್ರಾಫೀನ್ ಬೆರೆತ ನೀರನ್ನು ಸೋಸುಕಾಗದದ ಮೂಲಕ ಹರಿಸಿ, ಹಾಳೆಗಳು ನಾರಿನ ಸಂದಿಗಳಲ್ಲಿ ಸಿಕ್ಕಿಕೊಳ್ಳುವಂತೆ ಮಾಡಿದರು. ಸಾವಿರ ಸಲ ಬಾಗಿಸಿದ ಮೇಲೆ ವಾಹಕತೆ ಇಳಿದದ್ದು ಶೇ. 6 ಮಾತ್ರ. ಚದರ ಸೆಂಟಿಮೀಟರಿಗೆ 81 ಮಿಲಿಫ್ಯಾರಡ್, ಅಂದರೆ ಗ್ರಾಫೀನಿನ ಗ್ರಾಂ ಲೆಕ್ಕದಲ್ಲಿ 120 ಫ್ಯಾರಡ್ ಧಾರಕತೆ. 5,000 ಸಲ ತುಂಬಿ ಖಾಲಿ ಮಾಡಿದರೂ ಅದರಲ್ಲಿ ಶೇ. 99ಕ್ಕಿಂತ ಹೆಚ್ಚು ಉಳಿದಿತ್ತು. ಉಪಕರಣವೆಂದರೆ ಸೋಸುವ ಜಾಡಿ, ಹೆಚ್ಚೇನಿಲ್ಲ. ಈ ಸರಳತೆಯಿಂದಲೇ ಅದು ಜಗತ್ತಿನ ಎಷ್ಟೋ ಕಾಲೇಜು ಪ್ರಯೋಗಾಲಯಗಳ ಆರಂಭಬಿಂದುವಾಯಿತು.

ಬೆಂಗಳೂರಿನಲ್ಲಿ ಕೆಲಸ ಬೇರೆ ದಿಕ್ಕುಗಳಿಗೂ ಹರಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಭಾ ಮಿಶ್ರಾ ಅವರ ತಂಡ 2023ರಲ್ಲಿ ಗ್ರಾಫೀನ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡ್ ಪದರಗಳಿಂದ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸೂಪರ್‌ಕೆಪಾಸಿಟರ್ ಮಾಡಿದೆ. ಅದರಲ್ಲಿ ನಾರಿಲ್ಲ, ಎಲೆಕ್ಟ್ರಾನಿಕ್ ಚಿಪ್‌ನ ಮೇಲೆ ಕೂರುವಂಥದ್ದು.

ತಯಾರಿಕೆ

ಹಿಪ್ಪುನೇರಳೆ ತೊಗಟೆಯನ್ನೇ ಇಟ್ಟುಕೊಂಡು ಕ್ರಮವನ್ನು ನೋಡಬಹುದು. ಸುಲಿದ ತೊಗಟೆಯ ಹೊರಗಿನ ಕಂದು ಪೊರೆಯನ್ನು ಹೆರೆದು ತೆಗೆಯಬೇಕು. ಒಳ ತೊಗಟೆಯನ್ನು ತುಂಡು ಮಾಡಿ ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ಬೇಯಿಸಿದರೆ ಪೆಕ್ಟಿನ್, ಹೆಮಿಸೆಲ್ಯುಲೋಸ್, ಲಿಗ್ನಿನ್‌ನ ಹೆಚ್ಚಿನ ಪಾಲು ಕರಗಿ ಹೋಗುತ್ತದೆ. ತೊಳೆದು, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳುಪು ಮಾಡಿ, ಮತ್ತೆ ತೊಳೆಯುತ್ತಾರೆ. ಇಲ್ಲಿಗೆ ಸಿಕ್ಕಿದ್ದು ಕಾಗದದ ತಿರುಳು. ಇದನ್ನೇ ಹಾಳೆಗೆ ಬಳಸಬಹುದು, ಇನ್ನೂ ಸಣ್ಣದಾಗಿ ಬಿಡಿಸಲೂಬಹುದು. ಬಿಡಿಸುವುದಕ್ಕೆ ಅಮೆರಿಕದ ರೇಯಾನಿಯರ್ ಕಂಪನಿಯವರು 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ದಾರಿಯೆಂದರೆ ತಿರುಳನ್ನು ಭಾರೀ ಒತ್ತಡದಲ್ಲಿ ಸಣ್ಣ ಕಿಂಡಿಯ ಮೂಲಕ ನುಗ್ಗಿಸುವುದು. ಇದು ವಿದ್ಯುತ್ತನ್ನು ನುಂಗುವ ಕೆಲಸ. ಜಪಾನಿನ ಅಕಿರಾ ಇಸೊಗಾಯಿ ಅವರ ತಂಡ ಟೆಂಪೊ ಎಂಬ ವೇಗವರ್ಧಕದಿಂದ ಎಳೆಗಳ ಮೈಮೇಲೆ ಋಣ ಆವೇಶ ಮೂಡಿಸಿ, ಅವು ತಾವಾಗಿಯೇ ಒಂದನ್ನೊಂದು ತಳ್ಳಿ ಬಿಟ್ಟುಕೊಳ್ಳುವಂತೆ ಮಾಡಿತು. ಆಗ ಮೂರು ನಾಲ್ಕು ನ್ಯಾನೋಮೀಟರ್ ಅಗಲದ ಎಳೆಗಳು ಗಂಜಿಯಂಥ ಪಾರದರ್ಶಕ ಲೋಳೆಯಾಗಿ ಸಿಗುತ್ತವೆ.

ಗ್ರಾಫೀನಿಗೆ ರೂಢಿಯಲ್ಲಿರುವುದು ಹಮ್ಮರ್ಸ್ ಮತ್ತು ಆಫೆಮನ್ ಅವರ 1958ರ ವಿಧಾನ. 100 ಗ್ರಾಂ ಗ್ರಾಫೈಟಿಗೆ 2.3 ಲೀಟರ್ ಗಂಧಕಾಮ್ಲ, 50 ಗ್ರಾಂ ಸೋಡಿಯಂ ನೈಟ್ರೇಟ್, 300 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಅವರ ಮೂಲ ಪಾಕ. ಪರ್ಮಾಂಗನೇಟ್ ಹಾಕುವಾಗ ಬಿಸಿ 20 ಡಿಗ್ರಿ ಸೆಲ್ಸಿಯಸ್ ದಾಟದಂತೆ ಹಿಮದಲ್ಲಿಟ್ಟು ನಿಧಾನವಾಗಿ ಹಾಕಬೇಕು. ಅವಸರ ಮಾಡಿದರೆ ಸ್ಫೋಟವಾಗುತ್ತದೆ, ಇದರಲ್ಲಿ ರಿಯಾಯಿತಿಯಿಲ್ಲ. 2010ರಲ್ಲಿ ಜೇಮ್ಸ್ ಟೂರ್ ಅವರ ತಂಡ ನೈಟ್ರೇಟನ್ನು ಬಿಟ್ಟು ಫಾಸ್ಫಾರಿಕ್ ಆಮ್ಲ ಸೇರಿಸಿದ ಮೇಲೆ ವಿಷಾನಿಲದ ಕಾಟ ತಪ್ಪಿತು, ಆಮ್ಲದ ಹೊರೆ ತಪ್ಪಲಿಲ್ಲ. ಕೊನೆಗೆ ಸಿಗುವುದು ಗ್ರಾಫೀನ್ ಆಕ್ಸೈಡ್. ಅದು ನೀರಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಆದರೆ ವಿದ್ಯುತ್ ಹರಿಸುವುದಿಲ್ಲ. ಅದನ್ನು ನಾರಿನ ಲೋಳೆಯಲ್ಲಿ ಕಲಸಿ, ನಿರ್ವಾತದಲ್ಲಿ ಸೋಸಿ, ಹಾಳೆಯಾಗಿ ಒಣಗಿಸಿ, ಆಮೇಲೆ ಆಮ್ಲಜನಕವನ್ನು ತೆಗೆಯಬೇಕು. ಹಿಂದೆ ಇದಕ್ಕೆ ಹೈಡ್ರಜೀನ್ ಬಳಸುತ್ತಿದ್ದರು, ಅದು ಕಡುವಿಷ. ಈಗ ಹಲವೆಡೆ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಆ ಕೆಲಸ ಮಾಡುತ್ತಿದೆ. ಕಾಯಿಸಿಯೂ ತೆಗೆಯಬಹುದು; ಆದರೆ 200 ಡಿಗ್ರಿ ದಾಟಿದ ಮೇಲೆ ಸೆಲ್ಯುಲೋಸೇ ಕೆಡತೊಡಗುವುದರಿಂದ ಆ ದಾರಿ ಮೊಟಕು.

ನಾರಿನ ಪ್ರಮಾಣ ಹೆಚ್ಚಿದರೆ ಹಾಳೆ ಗಟ್ಟಿ, ವಾಹಕತೆ ಕಡಿಮೆ. ಗ್ರಾಫೀನ್ ಹೆಚ್ಚಿದರೆ ತಿರುಗುಮುರುಗು. ಯಾವುದು ಸರಿಯಾದ ಬೆರಕೆ ಎನ್ನುವುದು ನಾರಿನ ಉದ್ದದ ಮೇಲೆ ನಿಂತಿದೆ. ಉದ್ದ ನಾರಿನ ಸ್ವಲ್ಪ ಭಾಗವೇ ಹಾಳೆಯನ್ನು ಹಿಡಿದಿಡಬಲ್ಲುದು, ಉಳಿದ ಜಾಗವನ್ನು ಗ್ರಾಫೀನಿಗೆ ಬಿಟ್ಟುಕೊಡಬಹುದು. ಹಿಪ್ಪುನೇರಳೆಯ ತೊಗಟೆ ನೀಲಗಿರಿಯ ತಿರುಳಿಗಿಂತ ಮೇಲೆನ್ನಲು ಇದು ನೀರಿನ ಲೆಕ್ಕಕ್ಕೆ ಹೊರತಾದ ಇನ್ನೊಂದು ಕಾರಣ.

ಆಮ್ಲವಿಲ್ಲದ ದಾರಿಯೂ ಇದೆ. 2012ರಲ್ಲಿ ಫಿನ್ಲೆಂಡಿನ ಸಂಶೋಧಕರು ನ್ಯಾನೋ ಸೆಲ್ಯುಲೋಸ್ ಇರುವ ನೀರಿನಲ್ಲಿ ಗ್ರಾಫೈಟನ್ನು ನೇರವಾಗಿ ಬಿಡಿಸಿದರು; ಬಿಡಿಸಿಕೊಂಡ ಪದರಗಳು ಮತ್ತೆ ಅಂಟದಂತೆ ಸೆಲ್ಯುಲೋಸ್ ಎಳೆಗಳೇ ಅವನ್ನು ಹಿಡಿದು ನಿಲ್ಲಿಸಿದವು. ಡಬ್ಲಿನ್ನಿನ ಜೊನಾಥನ್ ಕೋಲ್ಮನ್ ಅವರ ತಂಡ 2014ರಲ್ಲಿ ವೇಗವಾಗಿ ತಿರುಗುವ ಬ್ಲೇಡಿನ ಕಡೆತದಿಂದಲೇ ಗ್ರಾಫೈಟ್ ಬಿಡಿಸಬಹುದೆಂದು ತೋರಿಸಿತು, ಅಡುಗೆಮನೆಯ ಮಿಕ್ಸಿಯಂಥ ಯಂತ್ರದಲ್ಲೂ. ಹೀಗೆ ಬಂದ ಪದರಗಳು ಒಂದಲ್ಲ, ಹಲವು ದಪ್ಪದವು; ಗ್ರಾಂ ಲೆಕ್ಕದ ಧಾರಕತೆ ಕಡಿಮೆ. ಆದರೆ ಆಕ್ಸೈಡ್ ಮಾಡಿ ಮತ್ತೆ ಬಿಡಿಸುವ ಕೆಲಸವಿಲ್ಲ, ಆಮ್ಲ ತೊಳೆಯುವ ನೀರಿಲ್ಲ. ಸಾವಿರ ಅಡಿಗೂ ಆಳದ ಕೊಳವೆಬಾವಿಯಿಂದ ನೀರೆತ್ತುವ ಊರಿನಲ್ಲಿ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯಲ್ಲಿ, ಆಮ್ಲದ ದಾರಿಯನ್ನು ಹಿಡಿಯುವ ಮೊದಲು ಹತ್ತು ಸಲ ಯೋಚಿಸಬೇಕು. ಮ್ಯಾಂಗನೀಸ್ ಮತ್ತು ಗಂಧಕಾಮ್ಲ ಬೆರೆತ ತೊಳೆನೀರು ಕೆರೆಗೆ ಸೇರಿದರೆ ಅಂತರ್ಜಲಕ್ಕೂ ಇಳಿಯುತ್ತದೆ.

ಸುಡುವ ದಾರಿ

ನಾರನ್ನು ನಾರಾಗಿ ಉಳಿಸಿಕೊಳ್ಳದೆ ಇಂಗಾಲವಾಗಿಸುವುದು ಇನ್ನೊಂದು ವಿಧಾನ. ಗಾಳಿಯಾಡದ ಕುಲುಮೆಯಲ್ಲಿ 700ರಿಂದ 900 ಡಿಗ್ರಿಗೆ ಕಾಯಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ ಅದರಲ್ಲಿ ಸೂಕ್ಷ್ಮ ರಂಧ್ರಗಳನ್ನು ಕೊರೆಸುತ್ತಾರೆ. ಕೆನಡಾದ ಆಲ್ಬರ್ಟದಲ್ಲಿ ಡೇವಿಡ್ ಮಿಟ್ಲಿನ್ ಅವರ ತಂಡ 2013ರಲ್ಲಿ ಸೆಣಬಿನಂತೆ ನಾರು ಕೊಡುವ ಹೆಂಪ್ ಗಿಡದ ತೊಗಟೆನಾರನ್ನು ಮೊದಲು ನೀರಿನ ಒತ್ತಡದಲ್ಲಿ ಬೇಯಿಸಿ ಆಮೇಲೆ ಸುಟ್ಟು, ಗ್ರಾಫೀನನ್ನು ಹೋಲುವ ತೆಳು ಇಂಗಾಲದ ಹಾಳೆಗಳನ್ನು ಪಡೆಯಿತು. ಮೇಲ್ಮೈ ಗ್ರಾಂಗೆ 2,287 ಚದರ ಮೀಟರಿನವರೆಗೆ ಇತ್ತು. ತೊಗಟೆನಾರಿನ ಪದರ ಪದರ ರಚನೆಯೇ ಹಾಳೆಯ ಆಕಾರಕ್ಕೆ ಕಾರಣವೆಂಬ ಅವರ ವಿವರಣೆ ಹಿಪ್ಪುನೇರಳೆಗೂ ದಿಕ್ಕು ತೋರಿಸುತ್ತದೆ. ಮಾರುಕಟ್ಟೆಯ ಬಹುಪಾಲು ಸೂಪರ್‌ಕೆಪಾಸಿಟರುಗಳಲ್ಲಿ ಈಗಾಗಲೇ ಇರುವುದು ತೆಂಗಿನ ಚಿಪ್ಪಿನ ಇಂಗಾಲ. ಸಸ್ಯದಿಂದ ವಿದ್ಯುದ್ವಾರ ಎನ್ನುವುದು ಕನಸಿನ ಮಾತಲ್ಲ, ಅಂಗಡಿಯಲ್ಲಿ ಸಿಗುವ ವಸ್ತು.

ಆದರೆ ಸುಟ್ಟ ನಾರು ಪೆಡಸಾಗುತ್ತದೆ. ಬಾಗಬೇಕೆಂದರೆ ಅದನ್ನು ಮತ್ತೆ ಸುಡದ ನಾರಿನ ಜೊತೆ ಹೆಣೆಯಬೇಕು. ಹಾಗಾಗಿ ಎರಡನ್ನೂ ಕೂಡಿಸುವುದು ಬುದ್ಧಿವಂತಿಕೆ: ಕಡ್ಡಿಯ ಒಳಮರ ಮತ್ತು ಮಾವಿನ ವಾಟೆ ಇಂಗಾಲಕ್ಕೆ, ತೊಗಟೆ ಹಾಳೆಗೆ, ನಡುವೆ ವಿದ್ಯುತ್ ಹರಿಸಲು ಸ್ವಲ್ಪವೇ ಗ್ರಾಫೀನ್. ದುಬಾರಿ ವಸ್ತುವಿನ ಪಾಲು ಇದರಲ್ಲಿ ಅತಿ ಕಡಿಮೆ.

ಅಳತೆಯ ಪ್ರಶ್ನೆ

ಈ ಕ್ಷೇತ್ರದ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಗ್ರಾಂಗೆ 120 ಫ್ಯಾರಡ್ ಎಂದರೆ ಒಂದು ವಿದ್ಯುದ್ವಾರದ ಮಾತು. ಎರಡನ್ನು ಎದುರುಬದುರಿಟ್ಟು ಕೋಶ ಮಾಡಿದಾಗ ಧಾರಕತೆ ಅರ್ಧವಾಗುತ್ತದೆ, ತೂಕ ಇಮ್ಮಡಿಯಾಗುತ್ತದೆ. ಉಳಿಯುವುದು ಗ್ರಾಂಗೆ 30. ಸಂಗ್ರಹವಾದ ಶಕ್ತಿ ಧಾರಕತೆಯ ಅರ್ಧವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು. ನೀರಿನ ದ್ರಾವಣದಲ್ಲಿ ಸುಮಾರು ಒಂದು ವೋಲ್ಟು ಮೀರುವಂತಿಲ್ಲ, 1.23 ವೋಲ್ಟಿಗೆ ನೀರು ಒಡೆಯುವ ಸ್ಥಿತಿ ಬರುತ್ತದೆ. ಲೆಕ್ಕ ಹಾಕಿದರೆ ಗ್ರಾಂಗೆ 15 ಜೂಲ್, ಅಂದರೆ ಕಿಲೋಗ್ರಾಂಗೆ ನಾಲ್ಕು ವಾಟ್-ಗಂಟೆಯಷ್ಟು. ಅದೂ ಗ್ರಾಫೀನಿನ ತೂಕ ಮಾತ್ರ. ನಾರು, ಲವಣದ್ರವ, ಹೊದಿಕೆ ಸೇರಿದರೆ ಇನ್ನೂ ಕಡಿಮೆ.

ಯೂರಿ ಗೊಗೊಟ್ಸಿ ಮತ್ತು ಪ್ಯಾಟ್ರಿಸ್ ಸಿಮೊನ್ 2011ರಲ್ಲಿ ಇದೇ ಮಾತನ್ನು ಎತ್ತಿದರು. ತೆಳು ಪದರದ ಮೇಲೆ ಅಳೆದು ಗ್ರಾಂ ಲೆಕ್ಕದಲ್ಲಿ ಹೇಳುವ ದೊಡ್ಡ ಸಂಖ್ಯೆಗಳು ನಿಜವಾದ ಸಾಧನದಲ್ಲಿ ಉಳಿಯುವುದಿಲ್ಲ. ಮಾರುಕಟ್ಟೆಯ ವಿದ್ಯುದ್ವಾರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 10 ಮಿಲಿಗ್ರಾಂ ಇಂಗಾಲವಿರುತ್ತದೆ. ಬಾಗುವ ಹಾಳೆಯ ವಿಷಯದಲ್ಲಿ ಕೇಳಬೇಕಾದದ್ದು ಚದರ ಸೆಂಟಿಮೀಟರಿಗೆ ಎಷ್ಟು ಎಂಬ ಪ್ರಶ್ನೆ. ಶೆನ್ಯಾಂಗಿನ 81 ಮಿಲಿಫ್ಯಾರಡ್ ಹಾಳೆಯಿಂದ ಹತ್ತು ಸೆಂಟಿಮೀಟರ್ ಚೌಕದ ಕೋಶ ಮಾಡಿದರೆ ಒಂದು ವೋಲ್ಟಿಗೆ ಸುಮಾರು ಎರಡು ಜೂಲ್. ವೋಲ್ಟೇಜ್ ಅರ್ಧಕ್ಕೆ ಇಳಿಯುವವರೆಗೆ ಬಳಸಿದರೆ ಅದರ ಮುಕ್ಕಾಲು ಕೈಗೆ ಬರುತ್ತದೆ. ಮೊಬೈಲಿಗೆ ಇದು ಏನೂ ಅಲ್ಲ. ಆಗಾಗ ಒಂದು ಚಿಕ್ಕ ರೇಡಿಯೊ ಸಂದೇಶ ಕಳಿಸಿ ಮಲಗುವ ತೇವಮಾಪಕಕ್ಕೆ ಸಾಕು.

ಶಕ್ತಿ ಹೆಚ್ಚಿಸಲು ಪಾಲಿಅನಿಲೀನ್ ಅಥವಾ ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸುವುದು ರೂಢಿ. ಸಂಡೂರಿನ ಮ್ಯಾಂಗನೀಸ್ ಅದಿರಿನಿಂದಾಗಿ ಎರಡನೆಯದರ ಮೂಲವಸ್ತು ಕರ್ನಾಟಕಕ್ಕೆ ಹೊಸದಲ್ಲ. ಮೇಲ್ಮೈಯಲ್ಲಿ ರಾಸಾಯನಿಕ ಕ್ರಿಯೆಯೂ ಸೇರುವುದರಿಂದ ಧಾರಕತೆ ಏರುತ್ತದೆ, ಬಾಳಿಕೆ ಕುಗ್ಗುತ್ತದೆ.

ತೇವ ಮತ್ತು ಬಳಕೆ

ಬಾಗಿಸುವ ಪರೀಕ್ಷೆಯಲ್ಲಿ ಗೆದ್ದ ಹಾಳೆ ತೇವದಲ್ಲಿ ಸೋಲಬಹುದು. ಸೆಲ್ಯುಲೋಸ್ ಗಾಳಿಯಿಂದಲೇ ನೀರು ಹೀರುತ್ತದೆ, ಶೇ. 65ರ ಆರ್ದ್ರತೆಯಲ್ಲಿ ಹತ್ತಿ ತನ್ನ ತೂಕದ ಶೇ. 7–8ರಷ್ಟು ನೀರು ಹಿಡಿದಿರುತ್ತದೆ. ಹೀರಿದಾಗ ಎಳೆ ಉಬ್ಬುತ್ತದೆ, ಗ್ರಾಫೀನ್ ಹಾಳೆಗಳ ನಡುವಿನ ಸಂಪರ್ಕ ಸಡಿಲುತ್ತದೆ, ರೋಧ ಏರುತ್ತದೆ. ಕೋಲಾರದ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಸಮಸ್ಯೆ ತಿರುಗುಮುರುಗು: ಲವಣದ್ರವವಾಗಿ ಬಳಸುವ, ಪಾಲಿವಿನೈಲ್ ಆಲ್ಕೋಹಾಲ್ ಮತ್ತು ಆಮ್ಲದಿಂದ ಮಾಡಿದ ಲೋಳೆ ಒಣಗಿ ಅಯಾನುಗಳ ಓಡಾಟ ನಿಲ್ಲುತ್ತದೆ. ಹೊದಿಕೆ ಬಿಗಿಯಾಗಿರದಿದ್ದರೆ ಒಂದೇ ವರ್ಷದಲ್ಲಿ ಎರಡೂ ಪೆಟ್ಟು ಬೀಳುತ್ತವೆ.

ಈ ಸೀಮೆಯಲ್ಲಿ ಇಂಥ ಹಾಳೆಯ ಸಹಜ ನೆಲೆ ಹುಳು ಮನೆಯೇ. ಚಾಕಿ, ಅಂದರೆ ಎಳೆಯ, ಹುಳುವಿಗೆ 27–28 ಡಿಗ್ರಿ ಬಿಸಿ, ಶೇ. 80ಕ್ಕೂ ಮೀರಿದ ಆರ್ದ್ರತೆ ಬೇಕು. ಕೊನೆಯ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ 24–25 ಡಿಗ್ರಿ, ಶೇ. 70. ಎರಡು ಡಿಗ್ರಿ ಏರುಪೇರಾದರೆ, ಗಾಳಿ ಕಟ್ಟಿದರೆ, ರೋಗ ಬಂದು ಇಡೀ ಬೆಳೆ ಹೋಗುತ್ತದೆ. ಸ್ಟ್ಯಾಂಡಿನ ಒಂದೊಂದು ಅಂತಸ್ತಿನಲ್ಲೂ ಬಿಸಿ, ತೇವ ಅಳೆಯುವ ಸಣ್ಣ ಸಾಧನವಿದ್ದರೆ ರೈತನಿಗೆ ರಾತ್ರಿಯೇ ಗೊತ್ತಾಗುತ್ತದೆ. ಕಿಟಕಿಯ ಹತ್ತಿರದ ಅಂಗೈಯಗಲದ ಸೌರಫಲಕ ಹಗಲು ತುಂಬಿಸಿ, ನಾರಿನ ಹಾಳೆ ಆ ವಿದ್ಯುತ್ತನ್ನು ಹಿಡಿದು, ಕಂಬಕ್ಕೆ ಸುತ್ತಿಕೊಂಡೇ ಕೆಲಸ ಮಾಡಬಲ್ಲುದು. ಸೂಪರ್‌ಕೆಪಾಸಿಟರ್ ತಾನಾಗಿಯೇ ಸೋರಿಕೊಳ್ಳುವ ಗುಣದ್ದು, ವಾರಗಟ್ಟಲೆ ಹಿಡಿದಿಡಲಾರದು. ದಿನವೂ ತುಂಬುವ ವ್ಯವಸ್ಥೆಯಲ್ಲಿ ಆ ದೋಷ ಕಾಡುವುದಿಲ್ಲ. ಹುಳು ಮನೆಗೆ ಬೆಳೆ ಬೆಳೆಗೂ ಸೋಂಕುನಿವಾರಕ ಸಿಂಪಡಿಸುತ್ತಾರೆ, ಬ್ಲೀಚಿಂಗ್ ಪೌಡರೂ ಅದರಲ್ಲಿ ಸೇರಿದೆ. ಕ್ಲೋರಿನ್ ಸೆಲ್ಯುಲೋಸನ್ನು ಕಡಿಯುತ್ತದೆ. ಹಾಗಾಗಿ ಇಲ್ಲಿ ಹೊದಿಕೆಯ ಆಯ್ಕೆ ವಿದ್ಯುದ್ವಾರದ ಆಯ್ಕೆಯಷ್ಟೇ ಮುಖ್ಯ. ಮಾವಿನ ತೋಪಿನ ಮಣ್ಣಿನ ತೇವಮಾಪಕ, ಹನಿ ನೀರಾವರಿಯ ವಾಲ್ವುಗಳ ನಿಯಂತ್ರಕ ಇದೇ ಜಾತಿಯ ಬಳಕೆಗಳು.

ಉದ್ಯಮ ಮತ್ತು ವಿಲೇವಾರಿ

ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ವಾಹನ ಮತ್ತು ಎಲೆಕ್ಟ್ರಾನಿಕ್ ವಸ್ತುಗಳ ಕಾರ್ಖಾನೆಗಳಿವೆ. ಐಫೋನ್ ಜೋಡಣೆ ನಡೆಯುವ ನರಸಾಪುರದ ಘಟಕ 2023ರಲ್ಲಿ ಟಾಟಾ ಸಂಸ್ಥೆಯ ಕೈಗೆ ಬಂತು. ಸೂಪರ್‌ಕೆಪಾಸಿಟರ್ ತಯಾರಿಕೆ ನೆರೆಯ ಕೇರಳದಲ್ಲಿ, ಕಣ್ಣೂರಿನ ಕೆಲ್ಟ್ರಾನ್ ಘಟಕದಲ್ಲಿ 2024ರಲ್ಲಿ ಶುರುವಾಗಿದೆ. ಇಸ್ರೊದ ತಂತ್ರಜ್ಞಾನದ ನೆರವಿನಿಂದ ನಡೆಯುವ ಆ ಘಟಕದ ಉತ್ಪನ್ನ ಬಾಗುವ ಹಾಳೆಯಲ್ಲ, ಮಾಮೂಲಿ ಡಬ್ಬಿಯ ಆಕಾರದ್ದು. ನಾರಿನ ಹಾಳೆ ಕಾರ್ಖಾನೆಗೆ ಬರಬೇಕಾದರೆ ಮೊದಲು ಬೇಕಾಗುವುದು ಒಂದೇ ಗುಣಮಟ್ಟದ ತಿರುಳು. ಒಂದು ಹೊಲದ ಕಡ್ಡಿ ಇನ್ನೊಂದರಂತಿರುವುದಿಲ್ಲ. ತಳಿ, ವಯಸ್ಸು, ಕೊಯ್ದು ಎಷ್ಟು ದಿನವಾಯಿತು ಎಂಬುದರ ಮೇಲೆ ತೊಗಟೆಯ ನಾರು ಬದಲಾಗುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ದರ್ಜೆ ನೋಡಿ ಹರಾಜು ಹಾಕುವ ಪದ್ಧತಿ ರೈತರಿಗೆ ಗೊತ್ತು. ಕಡ್ಡಿಗೂ ದರ್ಜೆ, ದರ ಬಂದರೆ ಹಸಿಯಿರುವಾಗಲೇ ಸುಲಿದು ತರುವವರು ಇರುತ್ತಾರೆ, ಸುಲಿಯುವ ಕೂಲಿಯನ್ನು ಆ ದರ ತುಂಬಿಕೊಡಬೇಕು ಅಷ್ಟೆ.

ಬಳಸಿ ಬಿಟ್ಟ ಹಾಳೆಯನ್ನು ಏನು ಮಾಡಬೇಕೆನ್ನುವುದೂ ತಯಾರಿಕೆಯ ಭಾಗ. ಸೆಲ್ಯುಲೋಸ್ ಮಣ್ಣಿನಲ್ಲಿ ಕೊಳೆಯುತ್ತದೆ ಎಂಬ ಕಾರಣಕ್ಕೆ ಈ ಹಾಳೆಗಳನ್ನು ತಿಪ್ಪೆಗೆ ಎಸೆಯಬಹುದೆಂದು ಹೇಳುವುದು ತಪ್ಪು. ಒಳಗಿನ ಲೋಳೆಯಲ್ಲಿ ಆಮ್ಲವಿದೆ, ಹೊದಿಕೆ ಪ್ಲಾಸ್ಟಿಕ್, ಗ್ರಾಫೀನ್ ಕೊಳೆಯುವ ವಸ್ತುವಲ್ಲ. ಸರಿಯಾದ ಕ್ರಮವೆಂದರೆ ಹೊದಿಕೆ ಬಿಡಿಸಿ, ಆಮ್ಲವನ್ನು ಸುಣ್ಣದ ನೀರಿನಲ್ಲಿ ಶಮನ ಮಾಡಿ, ಸೆಲ್ಯುಲೇಸ್ ಕಿಣ್ವದಿಂದ ನಾರನ್ನು ಸಕ್ಕರೆಯಾಗಿ ಕರಗಿಸುವುದು. ಆಗ ಗ್ರಾಫೀನ್ ತಳಕ್ಕೆ ಇಳಿದು ಉಳಿಯುತ್ತದೆ. ತೊಳೆದು ಒಣಗಿಸಿ ಅದನ್ನು ಮುಂದಿನ ಹಾಳೆಗೆ ಬೆರೆಸಬಹುದು.